ಅರ್ಧ ಸುತ್ತು ಬಿಗಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೆಂಗಸರ ಹೊಟ್ಟೆ ಬಿಗಿಯುವುದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ, ನನ್ನದೇನು ಹೋಗಬೇಕು? ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಸಮತೂಕ ಕೇಂದ್ರದ ನಾಲ್ಕನೆಯ ಮಹಡಿಯಲ್ಲಿ, ಮೂರನೆಯ ಮೇಜಿನ ಮುಂದೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾನು ಮಾಡುವುದು ಅದನ್ನೇ.

ಒಳಬಳೆ ಗೊತ್ತಿಲ್ಲದವರು ಈಗ ಕಡಿಮೆ, ಆದರೂ ಹೇಳುತ್ತೇನೆ. ಮೊದಲೆಲ್ಲ ಡಾಕ್ಟರು ಜಠರವನ್ನೇ ಕತ್ತರಿಸಿ ಚಿಕ್ಕದು ಮಾಡುತ್ತಿದ್ದರಂತೆ, ಕರುಳನ್ನು ಬೇರೆ ದಾರಿಗೆ ಜೋಡಿಸುತ್ತಿದ್ದರಂತೆ. ಈಗ ಜಠರದ ಕೊರಳಿಗೆ ಒಂದು ಉಂಗುರ ತೊಡಿಸುತ್ತಾರೆ, ಅರ್ಧ ದಿನದ ಕೆಲಸ. ಉಂಗುರದೊಳಗೆ ಸಾಸಿವೆ ಕಾಳಿನಷ್ಟು ಮೋಟಾರು. ನಾನು ಇಲ್ಲಿ ಗುಂಡಿ ಒತ್ತಿದರೆ ಗದಗಿನಲ್ಲೋ ಹಾವೇರಿಯಲ್ಲೋ ಇರುವ ಹೆಂಗಸಿನ ಬಳೆ ಅರ್ಧ ಸುತ್ತು ಬಿಗಿಯಾಗುತ್ತದೆ. ಎರಡು ರೊಟ್ಟಿ ತಿನ್ನುತ್ತಿದ್ದವಳಿಗೆ ಒಂದಕ್ಕೇ ಸಾಕೆನ್ನಿಸುತ್ತದೆ. ಅವಳ ಮನೆಯ ತೂಕದ ಮಣೆ ದಿನಾ ಬೆಳಿಗ್ಗೆ ಅವಳ ತೂಕವನ್ನು ನನ್ನ ಪರದೆಗೆ ಕಳಿಸುತ್ತದೆ.

ಬಳೆ ಹಾಕಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಹೆಂಗಸರು ಮಕ್ಕಳಾಗಲಿ ಎಂದು ಬಂದವರು. ಮೈಯ ಕೊಬ್ಬು ತೆಪ್ಪಗೆ ಕೂತಿರುವುದಿಲ್ಲ, ಅದೂ ಹಾರ್ಮೋನು ತಯಾರಿಸುತ್ತದೆ. ಅತಿಯಾದಾಗ ಹಲವರಲ್ಲಿ ಮಿದುಳು ಹೇಳುವುದು ಅಂಡಾಶಯಕ್ಕೆ ತಿಳಿಯುವುದಿಲ್ಲ, ಅಂಡ ಬಲಿಯುವುದಿಲ್ಲ, ಮುಟ್ಟು ಹಿಂದೆ ಮುಂದೆ ಆಗುತ್ತದೆ. ತೂಕ ಇಳಿದರೆ ಎಲ್ಲ ಮತ್ತೆ ಹಾದಿಗೆ ಬರುತ್ತದೆ, ಕೆಲವರಲ್ಲಿ ಯಾರೂ ಎಣಿಸದಷ್ಟು ಬೇಗ. ತೊಡಕು ಇರುವುದು ಅಲ್ಲಿಯೇ. ತೂಕ ಸರಸರ ಇಳಿಯುತ್ತಿರುವ ಮೈಯಲ್ಲಿ ಕಬ್ಬಿಣವಿಲ್ಲ, ಜೀವಸತ್ವಗಳಿಲ್ಲ, ತಾಯಿಗೇ ಸಾಲದು, ಮಗುವಿಗೆ ಎಲ್ಲಿಂದ ಬರಬೇಕು? ಅದಕ್ಕೇ ಹದಿನೆಂಟು ತಿಂಗಳು ಬಸಿರಾಗಬಾರದು ಎಂದು ಮಾತ್ರೆ ಕೊಡುತ್ತಾರೆ. ವಾಂತಿಯಾದರೆ ಆ ಮಾತ್ರೆಯೂ ಮೈಗೆ ಹತ್ತುವುದಿಲ್ಲ.

ಹಾಗಾಗಿ ತೂಕದ ಮಣೆಯ ಅಂಚಿನಲ್ಲಿ ಒಂದು ಕೆಂಪು ಗುಂಡಿ ಇಟ್ಟಿದ್ದಾರೆ. ಮುಟ್ಟಾದ ದಿನ ಅದನ್ನು ಒತ್ತಬೇಕು. ನಲವತ್ತು ದಿನ ಒತ್ತದಿದ್ದರೆ ಆ ನಂಬರು ನಮ್ಮ ಪರದೆಯಲ್ಲಿ ಹಳದಿಯಾಗುತ್ತದೆ, ನಾವು ಕರೆಸಿ ಪರೀಕ್ಷೆ ಮಾಡಿಸುತ್ತೇವೆ. ಬಸಿರಾಗಿದ್ದರೆ ಯಾರೂ ಬೈಯುವುದಿಲ್ಲ, ತೆಗೆಸಿಕೋ ಎನ್ನುವುದಿಲ್ಲ. ಬಳೆಯನ್ನು ಪೂರ್ತಿ ಸಡಿಲಿಸಿ, ಬೇಕಾದ್ದನ್ನೆಲ್ಲ ಸೂಜಿಯಲ್ಲಿ ಕೊಟ್ಟು, ಒಂಬತ್ತು ತಿಂಗಳು ಕಣ್ಣಿಟ್ಟು ಕಾಯುತ್ತೇವೆ. ಹಾಗೆ ಹುಟ್ಟಿದ ಕೂಸುಗಳ ಫೋಟೊ ನಮ್ಮ ಕೇಂದ್ರದ ಗೋಡೆಯ ತುಂಬ ಇವೆ.

ನಾನು ಈ ಕೆಲಸದಲ್ಲಿ ಜಾಣೆ. ಸುಳ್ಳು ನನಗೆ ತಟ್ಟನೆ ಗೊತ್ತಾಗುತ್ತದೆ. ರೋಣದ ಒಬ್ಬಾಕೆ ಮಣೆಯ ಮೇಲೆ ನಿಂತು ಗೋಡೆಗೆ ಕೈಯೂರುತ್ತಿದ್ದಳು, ಹಿಡಿದೆ. ಬ್ಯಾಡಗಿಯ ಇನ್ನೊಬ್ಬಾಕೆ ಐಸ್‌ಕ್ರೀಮು ಕರಗಿಸಿ ಕುಡಿಯುತ್ತಿದ್ದಳು. ಬಳೆ ಗಟ್ಟಿ ಪದಾರ್ಥವನ್ನು ತಡೆಯುತ್ತದೆ, ನೀರಾದದ್ದನ್ನು ಬಿಡುತ್ತದೆ, ಅದು ಅವಳಿಗೂ ಗೊತ್ತು ನನಗೂ ಗೊತ್ತು. ಅರ್ಧ ಸುತ್ತು ಬಿಗಿದೆ. ಅಯ್ಯೋ ಪಾಪ ಅನ್ನಿಸಲಿಲ್ಲವೇ ಎಂದರೆ, ಇಲ್ಲ. ಅವರೆಲ್ಲ ಬಾಯಿ ಕಟ್ಟಿದರೆ ತಾಯಂದಿರಾಗುವವರು. ನಾನು ಐವತ್ತೊಂದು ಕಿಲೊ ಇದ್ದೇನೆ, ಮದುವೆಯಾದಾಗಿನಿಂದ ಅಷ್ಟೇ. ನನ್ನ ಗರ್ಭನಾಳಗಳೆರಡೂ ಮುಚ್ಚಿವೆ. ಹನ್ನೊಂದು ವರ್ಷ ಮಾಡಿಸದ ಚಿಕಿತ್ಸೆಯಿಲ್ಲ, ಯಾವ ಬಳೆಯೂ ನನಗೆ ಏನೂ ಮಾಡಲಾರದು. ಒಂದು ಬಟ್ಟಲು ಐಸ್‌ಕ್ರೀಮು ಬಿಡಲಾರದವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಮನೆಯ ಮುಂಭಾಗದಲ್ಲಿ ನಮ್ಮದೇ ಖಾನಾವಳಿ. ಅತ್ತೆ ಬಸಲಿಂಗವ್ವ ಎಪ್ಪತ್ತರ ವಯಸ್ಸಿನಲ್ಲೂ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಾಳೆ. ನನ್ನ ಗಂಡ ಗುರುಸಿದ್ದ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಾನೆ, ಮೈದುನ ಚನ್ನವೀರ ಸಂತೆ ಮಾಡುತ್ತಾನೆ, ಅವನ ಹೆಂಡತಿ ಮಧುಮತಿ ಬಡಿಸುತ್ತಾಳೆ. ಮಧುಮತಿ ಈ ಮನೆಗೆ ಬಂದು ಆರು ವರ್ಷವಾಗಿತ್ತು. ಬರುವಾಗಲೇ ದಪ್ಪಗಿದ್ದಳು, ನೂರಾ ಹನ್ನೆರಡು ಕಿಲೊಗೆ ಹೋಗಿ ನಿಂತಿದ್ದಳು. ನಕ್ಕರೆ ಮೈಯೆಲ್ಲ ನಗುವವಳು. ಗಿರಾಕಿಗಳು ಎದ್ದು ಹೋದ ಮೇಲೆ ನಾವಿಬ್ಬರೂ ಒಲೆಯ ಮುಂದೆ ಕೂತು, ಒಂದೇ ತಾಟಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದೆವು. ನೆಗೆಣ್ಣಿಯಾದರೂ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದಳು. ನನ್ನನ್ನು ಹಬ್ಬ ಹುಣ್ಣಿಮೆಯ ಆರತಿಗೆ ಮುಂದೆ ಕರೆಯದಿದ್ದಾಗ ತಾನೂ ಹಿಂದೆ ಸರಿದು ನನ್ನ ಪಕ್ಕ ನಿಲ್ಲುತ್ತಿದ್ದಳು.

ಅವಳಿಗೆ ಬಳೆ ಹಾಕಿಸೋಣವೆಂದು ಮೊದಲು ಹೇಳಿದವಳು ನಾನೇ. ಅತ್ತೆ ವಾರಗಟ್ಟಲೆ ಗೊಣಗಿದಳು, ಹೊಟ್ಟೆಗೆ ಬೀಗ ಹಾಕುವುದು ಯಾವ ಮನೆತನದ ಪದ್ಧತಿ ಎಂದಳು. ಮೊಮ್ಮಗ ಬೇಕಲ್ಲವೇ ಎಂದೆ. ಒಪ್ಪಿದಳು. ಶ್ರಾವಣದಲ್ಲಿ ಬಳೆ ಹಾಕಿಸಿದೆವು.

ನಮ್ಮ ಕೇಂದ್ರದಲ್ಲಿ ಪರದೆಯ ಮೇಲೆ ಹೆಸರು ಇರುವುದಿಲ್ಲ, ನಂಬರು ಮಾತ್ರ. ಸಂಬಂಧಿಕರ ನಂಬರು ನಮ್ಮ ಮೇಜಿಗೆ ಬಂದರೆ ಬರೆದುಕೊಟ್ಟು ಬೇರೆ ಮೇಜಿಗೆ ಕಳಿಸಬೇಕೆಂದು ನಿಯಮವಿದೆ. ಮಧುಮತಿಯ ಕಾರ್ಡು ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳ ಹಿಂದೆ ಇತ್ತು, ನೋಡಿಕೊಂಡೆ. 6208. ಮರುದಿನ ಪರದೆಯಲ್ಲಿ ಹುಡುಕಿದರೆ ನನ್ನ ಮೇಜಿನಲ್ಲೇ ಇದೆ. ನಾನು ಬರೆದುಕೊಡಲಿಲ್ಲ. ನನಗಿಂತ ಚೆನ್ನಾಗಿ ಯಾರು ನೋಡಿಕೊಂಡಾರು ಎಂದುಕೊಂಡೆ. ಮನೆಯಲ್ಲಿಯೂ ಯಾರಿಗೂ ಹೇಳಲಿಲ್ಲ.

ಏಳು ತಿಂಗಳಲ್ಲಿ ಇಪ್ಪತ್ತೆಂಟು ಕಿಲೊ ಇಳಿದಳು. ಕೊರಳಿನ ಮೂಳೆ ಕಾಣತೊಡಗಿತು. ಮುಟ್ಟು ತಿಂಗಳು ತಿಂಗಳಿಗೆ ಸರಿಯಾಗಿ ಆಗುತ್ತಿದೆ ಎಂದು ನನ್ನ ಕಿವಿಯಲ್ಲಿ ಹೇಳಿ ನಾಚಿಕೊಂಡಳು. ನಾನು ಅವಳ ಗಲ್ಲ ಹಿಂಡಿದೆ. ಇನ್ನು ಹನ್ನೊಂದು ತಿಂಗಳು ಬಾಯಿ ಕಟ್ಟು, ಆಮೇಲೆ ನಿನ್ನ ಬಸುರಿ ಕುಬುಸಕ್ಕೆ ಸೀರೆ ನನ್ನದೇ ಎಂದೆ.

ಆಮೇಲೆ ಅದು ಶುರುವಾಯಿತು. ಎಂಬತ್ತನಾಲ್ಕಕ್ಕೆ ಬಂದ ತೂಕ ಅಲ್ಲೇ ನಿಂತಿತು. ನಂತರ ಮುನ್ನೂರು ಗ್ರಾಂ ಏರಿತು, ಇನ್ನೊಂದು ವಾರಕ್ಕೆ ಮತ್ತೆ ನಾನೂರು. ನನಗೆ ಆಶ್ಚರ್ಯವಾಗಲಿಲ್ಲ, ಏಕೆಂದರೆ ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಅತ್ತೆ ಏನನ್ನೋ ಸೆರಗಿನ ಕೆಳಗೆ ಮುಚ್ಚುತ್ತಿದ್ದಳು. ಒಮ್ಮೆ ಮಧುಮತಿಯ ಕೋಣೆಯಲ್ಲಿ ಹಾಲಿನ ಲೋಟ ಸಿಕ್ಕಿತು, ತಳದಲ್ಲಿ ತುಪ್ಪ, ಬೆಲ್ಲ, ಅರೆದ ಬಾದಾಮಿ. ಇನ್ನೊಮ್ಮೆ ಅತ್ತೆ ಗೋದಿ ಹುಗ್ಗಿಯನ್ನು ನೀರಾಗಿ ಮಾಡಿ ಸೋಸಿಟ್ಟಿದ್ದಳು. ಏನಿದು ಎಂದರೆ ಗಿರಾಕಿಗೆ ಎಂದಳು. ಯಾವ ಗಿರಾಕಿ ಸೋಸಿದ ಹುಗ್ಗಿ ಕುಡಿಯುತ್ತಾನೆ? ಖಾನಾವಳಿಯಲ್ಲಿ ಪಾತ್ರೆ ತೊಳೆಯುವ ನಿಂಗವ್ವ ಕೂಡ ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದಳು.

ಸೊಸೆ ಸೊರಗಿದಳೆಂದು ಮುದುಕಿಯ ಕರುಳು ಚುರ್ ಎಂದಿದೆ, ಕದ್ದು ತಿನ್ನಿಸುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಸಿಟ್ಟು ನೆತ್ತಿಗೇರಿತು. ಇಷ್ಟು ಕಷ್ಟಪಟ್ಟು ಗುರಿಯ ಹತ್ತಿರ ಬಂದವಳನ್ನು ಹಾಳು ಮಾಡುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಮರುದಿನ ಕೇಂದ್ರಕ್ಕೆ ಹೋದವಳೇ 6208ಕ್ಕೆ ಅರ್ಧ ಸುತ್ತು ಬಿಗಿದೆ. ಅವಳ ಒಳ್ಳೆಯದಕ್ಕೇ ಮಾಡಿದೆ. ಆದರೆ ಗುಂಡಿ ಒತ್ತುವಾಗ ಬೆರಳಿಗೆ ಒಂದು ಹಿತ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನನ್ನನ್ನು ಹೊರಗಿಟ್ಟು ಪಿಸುಗುಟ್ಟುವವರಿಗೆ ತಕ್ಕ ಶಾಸ್ತಿ ಎನ್ನಿಸಿತು.

ಮಧುಮತಿ ವಾಂತಿ ಮಾಡಿಕೊಳ್ಳತೊಡಗಿದಳು. ಬೆಳಿಗ್ಗೆ ಹಿತ್ತಲಿನಲ್ಲಿ ಅವಳು ಕಾರಿಕೊಳ್ಳುವ ಸದ್ದು ಕೇಳಿದರೆ ಅತ್ತೆಯ ಮುಖದಲ್ಲಿ ಗಾಬರಿಯಿರಲಿಲ್ಲ, ಒಂಥರಾ ಸಮಾಧಾನವಿತ್ತು. ಬೆನ್ನು ಸವರಿ ಮತ್ತೆ ಒಳಗೆ ಕರೆದೊಯ್ದು ಇನ್ನೊಂದು ಲೋಟ ಕುಡಿಸುತ್ತಿದ್ದಳು. ನಾನು ಎರಡನೆಯ ಸಲ ಬಿಗಿದೆ. ಹತ್ತು ದಿನ ಬಿಟ್ಟು ಮೂರನೆಯ ಸಲ.

ಒಂದು ಸಂಜೆ ಮಧುಮತಿ ಒಬ್ಬಳೇ ಸಿಕ್ಕಳು. ಕಣ್ಣ ಸುತ್ತ ಕಪ್ಪಾಗಿತ್ತು, ತುಟಿ ಒಡೆದಿತ್ತು. ಅಷ್ಟು ದಿನದ ಸಿಟ್ಟು ಅವಳ ಮುಖ ನೋಡಿ ಇಳಿದುಹೋಯಿತು. ಹತ್ತಿರ ಕೂತು ಕೈ ಹಿಡಿದೆ.

"ಏನ ತಿನ್ನಾಕತ್ತಿ ಖರೇ ಹೇಳು ತಂಗಿ. ನಾ ಬೈಯಂಗಿಲ್ಲ."

ಅವಳ ಕಣ್ಣು ತುಂಬಿ ಬಂತು. ಬಾಯಿ ತೆರೆದಳು. ಇನ್ನೇನು ಹೇಳುತ್ತಾಳೆ ಎನ್ನುವಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದಳು, ಒಂದೇ ಕೂಗು. ಮಧುಮತಿ ಕೈ ಬಿಡಿಸಿಕೊಂಡಳು.

"ಏನಿಲ್ರಿ ಅಕ್ಕಾ," ಎಂದು ಎದ್ದು ಹೋದಳು. ಬಾಗಿಲು ದಾಟುವಾಗ ಅವಳ ಭುಜ ಚೌಕಟ್ಟಿಗೆ ಬಡಿಯಿತು. ನಾಟಕ ಎಂದುಕೊಂಡೆ.

ಮೂರು ಸಲದ ಮೇಲೆ ಬಿಗಿಯಬೇಕಾದರೆ ಡಾಕ್ಟರ ಒಪ್ಪಿಗೆ ಬೇಕು. ಅರ್ಜಿಯಲ್ಲಿ, ರೋಗಿ ಕದ್ದು ತಿನ್ನುತ್ತಿರುವ ಬಗ್ಗೆ ಖಚಿತ ಮಾಹಿತಿಯಿದೆ ಎಂದು ಬರೆದೆ. ನಮ್ಮ ಡಾಕ್ಟರು ಇನಾಮದಾರರು ಮೆತ್ತಗಿನ ಮನುಷ್ಯ, ಯಾವುದಕ್ಕೂ ಎರಡು ಸಲ ಯೋಚಿಸುವವರು. ನನ್ನ ಮೇಜಿಗೇ ಬಂದು ಪರದೆ ನೋಡಿದರು. ಬಳೆ ಕಳಿಸಿದ ವಾಂತಿಯ ಗುರುತುಗಳು ಹೆಚ್ಚಿವೆಯಲ್ಲ ಎಂದರು. ಮಿತಿ ಮೀರಿ ತಿಂದರೆ ವಾಂತಿ ಆಗದೆ ಇನ್ನೇನಾಗುತ್ತದೆ ಸರ್ ಎಂದೆ. ತೂಕ ಇನ್ನೂ ಎಂಬತ್ತೈದರ ಸುತ್ತಲೇ ಇದೆ ಎಂದು ತೋರಿಸಿದೆ. ಅವರು ಗದ್ದ ತುರಿಸಿಕೊಂಡರು.

"ದಾಕ್ಷಾಯಣಿ ಅವರ, ಇದೊಂದು ನೋಡ್ರಿ. ಮುಟ್ಟು ಆಗ್ಯದೇನು?"

ನೋಡಿದೆ. ಕೆಂಪು ಗುಂಡಿ ಒತ್ತಿದ ಗುರುತಿತ್ತು. ಈ ತಿಂಗಳು ಏಳನೆಯ ತಾರೀಕು, ಹೋದ ತಿಂಗಳು ಎಂಟು, ಅದರ ಹಿಂದಿನ ತಿಂಗಳು ಹತ್ತು. ಇಪ್ಪತ್ತೊಂಬತ್ತು ದಿನಕ್ಕೊಮ್ಮೆ, ಒಂದು ದಿನ ಆಚೀಚೆ ಇಲ್ಲ. ಡಾಕ್ಟರು ಸಹಿ ಹಾಕಿದರು. ನಾಲ್ಕನೆಯ ಸಲ ಅರ್ಧ ಸುತ್ತು ಬಿಗಿದೆ. ಈಗ ಅವಳ ಹೊಟ್ಟೆಯೊಳಗೆ ತುಪ್ಪದ ಹಾಲೂ ಸುಲಭವಾಗಿ ಇಳಿಯುವಂತಿರಲಿಲ್ಲ.

ಮೂರು ವಾರದಲ್ಲಿ ತೂಕ ಐದು ಕಿಲೊ ಇಳಿಯಿತು. ನನ್ನ ಮೇಜಿನ ಮುಂದೆ ಆ ತಿಂಗಳ ಒಳ್ಳೆಯ ಕೆಲಸದ ಚೀಟಿ ಅಂಟಿಸಿದರು.

ಮನೆಯಲ್ಲಿ ಮಧುಮತಿ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ತಾಟು ಎರಡಾಗಿ ಕಾಣುತ್ತದೆ ಎನ್ನುತ್ತಿದ್ದಳಂತೆ. ಪಲ್ಯ ಬಡಿಸಿದವರಿಗೇ ಮತ್ತೆ ಪಲ್ಯ ಬಡಿಸುತ್ತಿದ್ದಳು, ಗಿರಾಕಿಗಳು ನಗುತ್ತಿದ್ದರು. ಇಂಥ ಹೊತ್ತಿನಲ್ಲಿ ಹಾಗೆಲ್ಲ ಆಗುತ್ತದೆ ಎಂದು ಅತ್ತೆ ಚನ್ನವೀರನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಎಂಥ ಹೊತ್ತು ಎಂದು ನಾನು ಕೇಳಲಿಲ್ಲ. ಆ ಮನೆಯಲ್ಲಿ ನಾನು ಕೇಳುವುದನ್ನು ಬಿಟ್ಟಿದ್ದೆ, ನನಗೆ ನನ್ನ ಪರದೆ ಸಾಕಿತ್ತು.

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗಂಡನ ಫೋನು ಬಂತು.

"ಮಧುಮತಿ ಬಡಸ್ತ ಬಡಸ್ತ ಬಿದ್ದಾಳ. ದವಾಖಾನಿಗೆ ತಂದೀವಿ. ನಾಕ ತಿಂಗಳ ಹೊಟ್ಟಿಲೆ ಅದಾಳ ಆಕಿ. ಲಗೂನ ಬಳಿ ಸಡಿಲ ಮಾಡಸ್ರಿ ಅಂತ ಡಾಕ್ಟರ್ ಅನ್ನಾಕತ್ತಾರ."

ನಾನು ಕೇಳಿದ್ದು ಒಂದೇ, ನಿಮಗೆ ಗೊತ್ತಿತ್ತೇ ಎಂದು. ಅವನು ಫೋನು ಇಟ್ಟುಬಿಟ್ಟ. ಉತ್ತರ ಬೇಕಾಗಿಯೂ ಇರಲಿಲ್ಲ. ಅತ್ತೆಗೆ ಗೊತ್ತಿತ್ತು, ಮೈದುನನಿಗೆ ಗೊತ್ತಿತ್ತು, ನನ್ನ ಪಕ್ಕದಲ್ಲಿ ಮಲಗುವ ಗಂಡನಿಗೆ ಗೊತ್ತಿತ್ತು, ಪಾತ್ರೆ ತೊಳೆಯುವ ನಿಂಗವ್ವನಿಗೂ ಗೊತ್ತಿತ್ತು. ಇಡೀ ಹಳೇ ಹುಬ್ಬಳ್ಳಿಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ ಇರಬೇಕು. ಡಬ್ಬಿಯನ್ನು ಹಾಗೇ ಬಿಟ್ಟು 6208ಕ್ಕೆ ಪೂರ್ತಿ ತೆರೆಯುವ ಆಜ್ಞೆ ಕೊಟ್ಟೆ. ಬಳೆ ಬಿಗಿಯುವುದಕ್ಕೆ ಹತ್ತು ಸೆಕೆಂಡು ಸಾಕು. ಒಳಗಿನ ಗೋಡೆ ಹರಿಯಬಾರದೆಂದು ತೆರೆಯುವುದನ್ನು ಮಾತ್ರ ನಿಧಾನ ಮಾಡಿದ್ದಾರೆ, ನಲವತ್ತು ನಿಮಿಷ ಬೇಕು. ಪರದೆಯ ಮೇಲೆ ಅಂಕಿ ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಕೂತೆ.

ಬಳೆ ತೆರೆದದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ಕೂಸು ಅದಕ್ಕೆ ಮೊದಲೇ ಹೋಗಿತ್ತು, ಎರಡು ದಿನವಾಗಿರಬಹುದು ಎಂದರು. ಹೆಣ್ಣು. ವಾರಗಟ್ಟಲೆ ಉಣ್ಣದೆ, ಉಂಡದ್ದು ನಿಲ್ಲದೆ, ಮಧುಮತಿಯ ಮೈಯಲ್ಲಿ ಬಿ-ಒನ್ ಜೀವಸತ್ವ ಹನಿಯೂ ಉಳಿದಿರಲಿಲ್ಲ. ಅದು ಇಲ್ಲದಿದ್ದರೆ ಮಿದುಳಿನಲ್ಲಿ ನೆನಪು ಕೂಡಿಡುವ ಭಾಗವೇ ಒಣಗುತ್ತದೆ. ಸೂಜಿ ಹಾಕುತ್ತೇವೆ, ಜೀವ ಉಳಿಯುತ್ತದೆ, ಉಳಿದದ್ದು ದೇವರಿಗೆ ಬಿಟ್ಟದ್ದು ಎಂದರು ದವಾಖಾನೆಯವರು.

ದವಾಖಾನೆಯ ಪಡಸಾಲೆಯಲ್ಲಿ ಮೈದುನ ಚನ್ನವೀರ ತಲೆ ತಗ್ಗಿಸಿ ಎಲ್ಲ ಹೇಳಿದ. ಗೊತ್ತಾದ ದಿನ ಮಧುಮತಿ ಮೊದಲು ಓಡಿಬಂದು ನನಗೇ ಹೇಳಬೇಕೆಂದಿದ್ದಳಂತೆ. ಅತ್ತೆ ತಡೆದಳಂತೆ. ಬಸಿರು ನಿಂತದ್ದನ್ನು ಮೊದಲ ತಿಂಗಳುಗಳಲ್ಲಿ ಯಾರಿಗೂ ಹೇಳಬಾರದು, ಅದರಲ್ಲೂ ಬಂಜೆಯ ಕಿವಿಗೆ ಬೀಳಲೇಬಾರದು, ಕಣ್ಣು ತಾಗುತ್ತದೆ. ಐದು ತುಂಬಿ ಕುಬುಸದ ದಿನ ಗೊತ್ತು ಮಾಡಿದ ಮೇಲೆ ಹೇಳಿದರಾಯಿತು ಎಂದಳಂತೆ. ಕೇಂದ್ರಕ್ಕೆ ತಿಳಿಸಿದರೆ ಅಲ್ಲಿ ಕೂತವಳು ನಾನೇ ಅಲ್ಲವೇ. ಅದಕ್ಕೇ ಅತ್ತೆ ತಿಂಗಳು ತಿಂಗಳು ದಿನ ಎಣಿಸಿ ತನ್ನ ಕೈಯಾರೆ ಕೆಂಪು ಗುಂಡಿ ಒತ್ತುತ್ತಿದ್ದಳು. ವಾಂತಿಯಾದಾಗ ಕೂಸು ಗಟ್ಟಿ ನಿಂತಿದೆ ಎಂದು ದೇವರಿಗೆ ಕೈಮುಗಿಯುತ್ತಿದ್ದಳು.

ಅತ್ತೆ ಬೆಂಚಿನ ಮೇಲಿಂದ ಎದ್ದು ಬಂದು ನನ್ನ ಎದುರು ನಿಂತಳು. ಅಳುತ್ತಿರಲಿಲ್ಲ.

"ಇಷ್ಟ ಮುಚ್ಚಿಟ್ರೂ ನಿನ್ನ ಕಣ್ಣ ಹತ್ತಿದ್ವು. ಹೆಂಗರ ತಿಳೀತ ನಿನಗ?"

ನನಗೆ ತಿಳಿದಿರಲಿಲ್ಲ ಎಂದೆ. ತಿಳಿದಿದ್ದರೆ ಆ ಹೊತ್ತೇ ಬಳೆ ತೆರೆಯುತ್ತಿದ್ದೆ, ನಿಮ್ಮ ಮೊಮ್ಮಗಳನ್ನು ಅಂಗೈಯಲ್ಲಿಟ್ಟು ಕಾಯುತ್ತಿದ್ದೆ ಎನ್ನಬೇಕೆಂದುಕೊಂಡೆ. ಹೇಳಲಿಲ್ಲ. ಹೇಳಿದರೆ ನಾಲ್ಕು ಸಲ ಬಿಗಿದದ್ದು ಯಾರು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಇವತ್ತಿಗೂ ಮನೆಯವರಿಗೆ ಅದು ಗೊತ್ತಿಲ್ಲ. ಕಣ್ಣು ತಾಗಿತು ಎನ್ನುವಷ್ಟೇ ಗೊತ್ತು, ಅವರಿಗೆ ಅದೇ ಸಾಕಾಗಿದೆ.

ಕೇಂದ್ರದಲ್ಲಿ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ತಾರೀಕಿಗೆ ಸರಿಯಾಗಿ ಗುಂಡಿ ಒತ್ತಲಾಗಿದೆ, ತೂಕ ಏರಿದೆ, ನಿಯಮದಂತೆ ಬಿಗಿಯಲಾಗಿದೆ, ನಾಲ್ಕನೆಯದಕ್ಕೆ ಡಾಕ್ಟರ ಸಹಿಯಿದೆ. ತಪ್ಪು ಮಾಹಿತಿ ಕೊಟ್ಟವರು ರೋಗಿಯ ಮನೆಯವರು ಎಂದು ಬರೆದು ಕಡತ ಮುಚ್ಚಿದರು. ಖಚಿತ ಮಾಹಿತಿ ಎಲ್ಲಿಂದ ಬಂತೆಂದು ಇನಾಮದಾರರು ಮಾತ್ರ ಒಮ್ಮೆ ಕೇಳಿದರು. ಅನುಭವದಿಂದ ಎಂದೆ. ಅವರು ಹೊರಟುಹೋದರು. ನಾನು ಈಗಲೂ ಅದೇ ಮೇಜಿನಲ್ಲಿದ್ದೇನೆ. ಬಿಗಿಯಬೇಕಾದವರ ಬಳೆ ಬಿಗಿಯುತ್ತೇನೆ, ಆದರೆ ಮೊದಲು ಫೋನು ಹಚ್ಚಿ ಅವ್ವಾ, ಬಸಿರಿದ್ದೀಯಾ ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾರೆ. ನಂಬಬೇಕೋ ಬೇಡವೋ ತಿಳಿಯುವುದಿಲ್ಲ.

ಮಧುಮತಿ ಎರಡು ತಿಂಗಳ ಮೇಲೆ ಮನೆಗೆ ಬಂದಳು. ನಡೆಯುತ್ತಾಳೆ, ನಗುತ್ತಾಳೆ, ಹಳೆಯದೆಲ್ಲ ನೆನಪಿದೆ. ತಾಟು ಹಿಡಿದು ಬಡಿಸುವುದಕ್ಕಷ್ಟೇ ಕೈ ನಡುಗುತ್ತದೆ. ಆದರೆ ಆ ಬೇಸಿಗೆ ಶುರುವಾದಾಗಿನ ಒಂದು ದಿನ ದಾಟಿ ಅವಳ ನೆನಪು ಮುಂದೆ ಹೋಗುವುದಿಲ್ಲ. ಹೊಸದಾಗಿ ಹೇಳಿದ್ದು ಹತ್ತು ನಿಮಿಷ ನಿಲ್ಲುವುದಿಲ್ಲ. ಅವಳ ಪಾಲಿಗೆ ದಿನಾ ಅದೇ ದಿನ, ಬಸಿರು ನಿಂತಿದೆ ಎಂದು ಗೊತ್ತಾದ ದಿನ. ಅತ್ತೆ ಹಾಕಿದ ಕಟ್ಟಪ್ಪಣೆ ಅದಾದ ಮೇಲಿನದು, ಅದು ಅವಳ ತಲೆಯಲ್ಲಿ ಉಳಿದಿಲ್ಲ.

ಅವಳು ಅದನ್ನು ಹೇಳಲು ಬಂದ ಮೊದಲ ಸಲ ನಾನು ನಿಜ ಹೇಳಿದೆ. ಕೂಸು ಹೋಯಿತವ್ವ ಎಂದೆ. ಅವಳು ನೆಲಕ್ಕೆ ಬಿದ್ದು ಹೊರಳಿ ಅತ್ತಳು. ಅತ್ತು ಸುಸ್ತಾಗಿ ಮುಖ ತೊಳೆದು ಬಂದವಳು, ಕಣ್ಣರಳಿಸಿಕೊಂಡು ಮತ್ತೆ ನನ್ನ ಹತ್ತಿರವೇ ಬಂದಳು. ಅಂದಿನಿಂದ ನಾನು ಯಾವ ನಿಜವನ್ನೂ ಹೇಳಿಲ್ಲ.

ದಿನಾ ಸಂಜೆ ಆರಕ್ಕೆ ನಾನು ಮನೆಗೆ ಬರುವುದನ್ನೇ ಕಾಯುತ್ತಿರುತ್ತಾಳೆ. ಚಪ್ಪಲಿ ಬಿಡುವುದಕ್ಕೂ ಬಿಡದೆ ಕೈ ಹಿಡಿದು ಖಾನಾವಳಿಯ ಮೂಲೆಗೆ ಕರೆದೊಯ್ಯುತ್ತಾಳೆ. ನಾಲ್ಕು ಮಾರು ದೂರದಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿರುತ್ತಾಳೆ. ಅವಳಿಗೆ ಎಲ್ಲ ಕೇಳುತ್ತದೆ, ತಲೆ ಎತ್ತುವುದಿಲ್ಲ.

"ಅಕ್ಕಾ, ನಾ ಹೊಟ್ಟಿಲೆ ಅದೀನ್ರಿ," ಎನ್ನುತ್ತಾಳೆ ಮಧುಮತಿ. "ಇನ್ನೂ ಯಾರಿಗೂ ಹೇಳಿಲ್ಲ. ಎಲ್ಲಾರಕ್ಕಿಂತ ಮೊದಲ ನಿಮಗ ಹೇಳಾಕತ್ತೀನಿ. ನಿಮ್ಮ ಸೆಂಟರಿನ್ಯಾಗ ಹೇಳಿ ಬಳಿ ಸಡಿಲ ಮಾಡಸ್ತೀರಿಲ್ಲೋ? ಕೂಸಿಗೆ ಉಣ್ಣಾಕ ಸಾಲಂಗಿಲ್ಲ."

"ಆತವ್ವ," ಎನ್ನುತ್ತೇನೆ. "ನಾಳೆ ಮುಂಜಾನೆ ಹೋದಕೂಡ್ಲೇ ಮಾಡ್ತೀನಿ."

ಅವಳು ನನ್ನ ಹೆಗಲಿಗೆ ತಲೆಯಾನಿಸಿ ಒಂದು ಗಳಿಗೆ ನಿಲ್ಲುತ್ತಾಳೆ. ಆಮೇಲೆ ನೆಮ್ಮದಿಯಿಂದ ಹೋಗಿ ಊಟಕ್ಕೆ ಕೂರುತ್ತಾಳೆ.